ಬ್ರಷ್ಷಕ್ಕನ ಎರಡು ಸೆಟ್ಟಿಂಗು

ನಮ್ಮ ಬೀದಿಯಲ್ಲಿ ಅಂಗಡಿ ಬೋರ್ಡು ಬರೆಯುವ ಹೆಂಗಸು ಒಬ್ಬಳೇ. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಮೂವತ್ತು ವರ್ಷದಿಂದ ಎಲ್ಲರ ಬಾಯಲ್ಲೂ ಅವಳು ಬ್ರಷ್ಷಕ್ಕ. ದಾರಕ್ಕೆ ಚಾಕಿನ ಪುಡಿ ಹಚ್ಚಿ, ಎರಡೂ ತುದಿ ಬಿಗಿ ಹಿಡಿದು ಫಟ್ಟನೆ ಬಿಟ್ಟರೆ ಹಲಗೆಯ ಮೇಲೊಂದು ಗೆರೆ. ಅಂಥ ಎರಡು ಗೆರೆ ಎಳೆದುಕೊಂಡು, ಎಡಗೈಯಲ್ಲಿ ಕೋಲು ಅಡ್ಡ ಹಿಡಿದು, ಅದರ ಮೇಲೆ ಬಲಗೈ ಊರಿ, ಎನಾಮಲ್ ಬಣ್ಣದಲ್ಲಿ ಅಕ್ಷರ ಇಳಿಸುತ್ತಾ ಹೋಗುವಳು. ಪೆನ್ಸಿಲಿನಲ್ಲಿ ಮೊದಲು ಬರೆದುಕೊಂಡು ಆಮೇಲೆ ತುಂಬುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತಿತ್ತು. ಬರೆಯುತ್ತಲೇ ಅಂಗಡಿಯವನ ಸಂಸಾರ ವಿಚಾರಿಸಿ, ಎದುರಂಗಡಿಯವನ ಸಂಸಾರ ತಿಳಿಸಿ, ನಡುವೆ ನಾಲ್ಕು ಜನಕ್ಕೆ ಬುದ್ಧಿ ಹೇಳಿ ಮುಗಿಸುವಷ್ಟರಲ್ಲಿ ಬೋರ್ಡೂ ಮುಗಿದಿರುತ್ತಿತ್ತು. ಗಂಡ ಬಡಗಿ. ಬೋರ್ಡಿಗೆ ಚೌಕಟ್ಟು ಹಾಕುವವನು ಅವನೇ. ಹೆಂಡತಿ ಹೇಳಿದ್ದಕ್ಕೆಲ್ಲ ಅವನ ಉತ್ತರ ಒಂದೇ, "ಹೂಂ." ಹೀಗಾಗಿ ಬೀದಿಯವರಿಗೆಲ್ಲ ಅವನು ಹೂಂ ಭಾವ. ಮನೆಯಲ್ಲಿ ಮೂರನೆಯವರು ಅತ್ತೆ, ಹೂಂ ಭಾವನ ತಾಯಿ. ಎಂಬತ್ತನಾಲ್ಕು ವಯಸ್ಸು, ಕಿವಿ ಮಂದ, ನಾಲಿಗೆ ಚುರುಕು.

ಬ್ರಷ್ಷಕ್ಕನ ಕಾಯಿಲೆ ಮೊದಲು ಕಂಡುಹಿಡಿದವರು ಈ ಅತ್ತೆಯೇ. ಆಗ ಯಾರೂ ಅವರನ್ನು ನಂಬಲಿಲ್ಲ, ಅಷ್ಟೆ.

"ಸೊಸೆ ನನ್ನ ಹತ್ರ ಮಾತು ಬಿಟ್ಟಿದಾಳೆ," ಎಂದು ಅವರು ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು ದೂರು ಕೊಟ್ಟರು. ನನ್ನದು ಕನ್ನಡಕದ ಅಂಗಡಿ, ಅವರ ಮನೆಯ ಎದುರಿಗೇ ಇದೆ. "ತುಟಿ ಅಲ್ಲಾಡಿಸ್ತಾಳೆ, ಶಬ್ದ ಬರಲ್ಲ. ಮುಖ ನೋಡಿದ್ರೆ ಗೋಡೆ ನೋಡ್ದಂಗೆ. ನಾನೇನು ಮಾಡಿದೀನಿ ಅವಳಿಗೆ?"

"ಅಜ್ಜಿ, ನಿಮ್ಮ ಕಿವಿ ಒಂದ್ಸಲ ತೋರಿಸಿ," ಎಂದೆ ನಾನು. ಎಲ್ಲರೂ ಅದನ್ನೇ ಹೇಳಿದರು. ಕೊನೆಗೆ ಹೂಂ ಭಾವ ತಾಯಿಯ ಕಿವಿಗೆ ಮಷೀನು ಹಾಕಿಸಿ ಕರೆತಂದ. ಮಾರನೇ ದಿನ ಅಜ್ಜಿ ಮತ್ತೆ ಹಾಜರು.

"ಪಕ್ಕದ ಮನೆ ಬೆಕ್ಕು ಹಾಲು ಕುಡಿಯೋದು ಕೇಳ್ತಿದೆ. ನೀನು ಕನ್ನಡಕ ಒರೆಸೋದು ಕೇಳ್ತಿದೆ. ಅವಳದ್ದು ಮಾತ್ರ ಕೇಳಲ್ಲ. ಈಗ ಹೇಳಪ್ಪ, ಕೆಟ್ಟಿರೋದು ನನ್ನ ಕಿವಿನಾ ಅವಳ ಗಂಟಲಾ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಏಕೆಂದರೆ ಆ ವಾರವೇ ನನ್ನ ಅಂಗಡಿಗೆ ಹೊಸ ಬೋರ್ಡು ಬಂದಿತ್ತು. 'ಕನ್ನಡಕದ ಅಂಗಡಿ' ಎಂದು ಬರೆದಿದ್ದಳು. ಮೊದಲ 'ಕ' ಗೇಣುದ್ದ ಇತ್ತು. ಅಲ್ಲಿಂದ ಒಂದೊಂದೇ ಅಕ್ಷರ ಸಣ್ಣಗಾಗುತ್ತಾ ಹೋಗಿ, ಕೊನೆಯ 'ಡಿ' ಹೆಬ್ಬೆರಳಿನಷ್ಟು ಉಳಿದಿತ್ತು. ಎರಡು ಗೆರೆಯ ನಡುವೆ ಇಪ್ಪತ್ತು ವರ್ಷಕ್ಕೂ ಮೇಲೆ ಬರೆದವಳು ಗೆರೆಯನ್ನೇ ಮರೆತಿದ್ದಳು. ನಾನು ಏನಾದರೂ ಅನ್ನುವ ಮೊದಲೇ ಗಿರಾಕಿಗಳು ಹೊಗಳಲು ಶುರು ಮಾಡಿದರು. "ಏನು ತಲೆ ರೀ ನಿಮ್ಮದು! ಕಣ್ಣಿನ ಪರೀಕ್ಷೆ ಬೀದಿಯಲ್ಲೇ ಇಟ್ಟಿದೀರಲ್ಲ!" 'ಡಿ' ಕಾಣದವರು ನೇರವಾಗಿ ಒಳಗೆ ಬರುತ್ತಿದ್ದರು. ನಾನು ತೆಪ್ಪಗಿದ್ದೆ.

ಬ್ರಷ್ಷಕ್ಕನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಎದುರುಬದಿಯಲ್ಲಿ ನಿಂತು ಆ ಬೋರ್ಡನ್ನು ಬಹಳ ಹೊತ್ತು ನೋಡುತ್ತಿದ್ದಳು. ಬಲಭುಜ ಬಿಗಿದಿತ್ತು. ನಡೆಯುವಾಗ ಆ ಕೈ ಬೀಸದೆ ಮೈಗೆ ಅಂಟಿಕೊಂಡಿರುತ್ತಿತ್ತು. ಬಣ್ಣ ತೆಳುಮಾಡುವ ಟರ್ಪೆಂಟೈನಿಗೆ ವಾಸನೆಯೇ ಇಲ್ಲ, ಕಲಬೆರಕೆ ಎಂದು ಡಬ್ಬ ಕೊಟ್ಟ ಅಂಗಡಿಯವನ ಜತೆ ಜಗಳವಾಡಿ ಬಂದಿದ್ದಳು. ಆಮೇಲೆ ತೋರುಬೆರಳೂ ಹೆಬ್ಬೆರಳೂ ತಮ್ಮಷ್ಟಕ್ಕೆ ತಾವು ಏನನ್ನೋ ಉರುಳಿಸುವಂತೆ ನಡುಗಲು ಹತ್ತಿದವು.

ನರರೋಗದ ಡಾಕ್ಟರು ಒಂದು ಹಾಳೆ ಕೊಟ್ಟು, "ಏನಾದರೂ ಒಂದು ವಾಕ್ಯ ಬರೀರಿ," ಎಂದರು. ಅವಳು ಬರೆದದ್ದು, 'ಇಲ್ಲಿ ಎಲ್ಲಾ ರೀತಿಯ ಬೋರ್ಡುಗಳನ್ನು ಬರೆದು ಕೊಡಲಾಗುವುದು.' ಸಾಲು ಮುಗಿಯುವಾಗ ಅಕ್ಷರಗಳು ಇರುವೆಯಷ್ಟಾಗಿದ್ದವು. ಡಾಕ್ಟರು ಕಣ್ಣೆತ್ತುವ ಮೊದಲೇ ಅವಳೇ ಕೇಳಿದಳಂತೆ, "ಇದು ಕೈಯ ತಪ್ಪಲ್ಲ, ಅಲ್ವಾ?"

"ಅಲ್ಲಮ್ಮ. ಕೈಗೆ ಹೇಳಿ ಕಳಿಸೋ ಮೆದುಳಿನದು. ಪಾರ್ಕಿನ್ಸನ್ ಅಂತಾರೆ."

ಮಾತ್ರೆಗಳಿಂದ ಆರೇಳು ವರ್ಷ ಸಾಗಿತು. ಮೊದಮೊದಲು ಚೆನ್ನಾಗಿಯೇ ಸಾಗಿತು. ಆಮೇಲೆ ಮಾತ್ರೆಗಳು ದರ್ಬಾರು ಶುರು ಮಾಡಿದವು. ನುಂಗಿದ ಮುಕ್ಕಾಲು ಗಂಟೆಗೆ ಕೈ ಸಡಿಲವಾಗುವುದು, ಎರಡು ಗಂಟೆ ಕೆಲಸ, ಆಮೇಲೆ ಮತ್ತೆ ಮೈ ಮರಗಟ್ಟುವುದು. ಪ್ರಮಾಣ ಹೆಚ್ಚಿಸಿದರೆ ಕತ್ತು, ಭುಜ ಹಾವಿನಂತೆ ತಿರುಚಿಕೊಳ್ಳುವುದು. ಬೋರ್ಡಿನ ಕೆಲಸ ಹೇಗೂ ಕಡಿಮೆಯಾಗಿತ್ತು. ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹೊಡೆಯುವ ಮಷೀನುಗಳು ಬಂದಿದ್ದವು. ಆದರೂ ಕೈಬರಹವೇ ಬೇಕು ಎನ್ನುವ ಹತ್ತಿಪ್ಪತ್ತು ಜನ ಇದ್ದೇ ಇದ್ದರು. ಅವರಿಗೆ "ಇವತ್ತು ಆಗಲ್ಲ" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತು.

ಆಗ ಡಾಕ್ಟರು ಆಪರೇಶನ್ನಿನ ಮಾತೆತ್ತಿದರು. ತಲೆಬುರುಡೆಯಲ್ಲಿ ಎರಡು ಸಣ್ಣ ತೂತು ಮಾಡಿ, ಮೆದುಳಿನ ಆಳಕ್ಕೆ ಎರಡು ತೆಳು ತಂತಿ ಇಳಿಸುವುದು. ಕೊರಳ ಮೂಳೆಯ ಕೆಳಗೆ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ ಇಡುವುದು. ಅಲ್ಲಿಂದ ಸಣ್ಣ ಸಣ್ಣ ವಿದ್ಯುತ್ ಮಿಡಿತ ತಂತಿಗುಂಟ ಹೋಗುತ್ತಿದ್ದರೆ ಮೈ ಹಿಡಿತಕ್ಕೆ ಬರುತ್ತದೆ. "ಕಾಯಿಲೆ ಹೋಗಲ್ಲ, ಅದು ಅದರ ಪಾಡಿಗೆ ಮುಂದುವರೀತದೆ," ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. "ಆದ್ರೆ ನಡುಕ, ಬಿಗಿತ ಕಡಿಮೆ ಆಗ್ತದೆ."

"ರೀ, ಮಾಡಿಸ್ಕೊಳ್ಳಲಾ?" ಎಂದು ಅವಳು ಗಂಡನ ಕಡೆ ತಿರುಗಿದಳು.

ಹೂಂ ಭಾವ ಆ ಒಂದು ದಿನ ಹೂಂ ಎನ್ನಲಿಲ್ಲ. ಮನೆಗೆ ಬಂದು ಎರಡು ದಿನ ಉತ್ತರ ಹುಡುಕುತ್ತಾ ಕೂತ. ಮೂರನೇ ದಿನ ಅವಳ ಒಂದು ಬ್ರಷ್ಷು ತೊಳೆದು, ಒರೆಸಿ, ಅವಳ ಮುಂದಿಟ್ಟ. ಅವನ ಲೆಕ್ಕದಲ್ಲಿ ಅದು ಒಂದು ಭಾಷಣ.

ಆಪರೇಶನ್ನಿನಲ್ಲಿ ಅರ್ಧ ಹೊತ್ತು ಎಚ್ಚರವಾಗಿಯೇ ಇಟ್ಟಿದ್ದರು. ತಲೆಯನ್ನು ಲೋಹದ ಚೌಕಟ್ಟಿಗೆ ಬಿಗಿದಿತ್ತು. "ಚೌಕಟ್ಟು ನಮ್ಮವರದ್ದಷ್ಟು ನಯ ಇರಲಿಲ್ಲ," ಎಂದು ಅವಳು ಈಗಲೂ ಹೇಳುತ್ತಾಳೆ. ತಂತಿ ಸರಿಯಾದ ಜಾಗ ಮುಟ್ಟಿದೆಯೇ ಎಂದು ನೋಡಲು, ಹಲಗೆಗೆ ಸಿಕ್ಕಿಸಿದ ಹಾಳೆಯ ಮೇಲೆ ಚಕ್ಕುಲಿಯಂತೆ ಸುತ್ತು ಸುತ್ತಾದ ಗೆರೆ ಬರೆಸಿದರು. ಮೊದಲನೆಯದು ಹುಳ ಹರಿದಂತೆ ಬಂತು. ತಂತಿಗೆ ಮಿಡಿತ ಬಿಟ್ಟು, "ಈಗ ಬರೀರಿ," ಎಂದರು. ಎರಡನೆಯದು ಕೈವಾರದಲ್ಲಿ ಎಳೆದಂತೆ ಬಂತು. ಬ್ರಷ್ಷಕ್ಕನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಕೈಯೆತ್ತುವಂತಿರಲಿಲ್ಲ. "ಪೆನ್ನು ಕೆಟ್ಟದ್ದು ಕೊಟ್ಟಿದೀರಾ," ಎಂದಳು.

ಗಾಯ ಮಾಯ್ದು ಮೂರು ವಾರಕ್ಕೆ ಸೆಟ್ಟಿಂಗಿನ ಕೆಲಸ ಶುರುವಾಯಿತು. ನಿಜವಾದ ಕತೆ ಇಲ್ಲಿಂದ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕದ ಸಣ್ಣ ಕೋಣೆ. ಒಂದು ಮೇಜು, ಮೂರು ಕುರ್ಚಿ, ನಡೆದು ತೋರಿಸಲು ನೆಲದ ಮೇಲೆ ಅಂಟಿಸಿದ ನೀಲಿ ಪಟ್ಟಿ. ಅಲ್ಲಿ ಕೂರುವ ನರ್ಸಮ್ಮನನ್ನು ಬ್ರಷ್ಷಕ್ಕ ಮೊದಲ ದಿನವೇ ಸೆಟ್ಟಿಂಗ್ ಮೇಡಂ ಎಂದು ಕರೆದಳು, ಅದೇ ನಿಂತಿತು. ಮೇಡಂ ಕೈಯಲ್ಲಿ ಒಂದು ಟ್ಯಾಬ್ಲೆಟ್. ಅದರಲ್ಲಿ ಬೆರಳಾಡಿಸಿದರೆ ಇವಳ ತಲೆಯೊಳಗೆ ಮಿಡಿತ ಹೆಚ್ಚು ಕಡಿಮೆ ಆಗುತ್ತಿತ್ತು.

"ತಂತಿಯ ತುದಿಯಲ್ಲಿ ನಾಲ್ಕು ಮೆಟ್ಟಿಲು ಇದೆ ಅಂದ್ಕೊಳ್ಳಿ," ಎಂದರು ಮೇಡಂ. "ಯಾವ ಮೆಟ್ಟಿಲಿಂದ ಮಿಡಿತ ಬಿಡಬೇಕು, ಎಷ್ಟು ಜೋರಾಗಿ ಬಿಡಬೇಕು, ಸೆಕೆಂಡಿಗೆ ಎಷ್ಟು ಸಲ ಬಿಡಬೇಕು, ಇದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ನಿಮಗೆ ಏನಾಗ್ತಿದೆ ಅಂತ ನೀವೇ ಹೇಳ್ತಾ ಹೋಗಬೇಕು."

"ಹೇಳೋದು ನನಗೆ ಕಷ್ಟ ಅಲ್ಲ ಬಿಡಿ," ಎಂದಳು ಬ್ರಷ್ಷಕ್ಕ.

ಒಂದು ಮೆಟ್ಟಿಲಲ್ಲಿ ಬಾಯಿಯ ಮೂಲೆ ಕಿವಿಯ ಕಡೆ ಎಳೆಯಿತು. ಇನ್ನೊಂದರಲ್ಲಿ ಅಂಗೈಯಲ್ಲಿ ಜುಮುಜುಮು. ಮತ್ತೊಂದರಲ್ಲಿ ಮೇಡಂ ಇಬ್ಬರಾಗಿ ಕಂಡರು. "ಒಬ್ಬರನ್ನ ಕಳಿಸಿಬಿಡಿ, ಒಬ್ಬರು ಸಾಕು," ಎಂದಳು. ಎರಡು ಗಂಟೆ ಹೀಗೇ ಹುಡುಕಿ ಕೊನೆಗೆ ಕೆಳಗಿನ ಮೆಟ್ಟಿಲಿಗೆ ಬಂದರು. ನಡುಕ ನಿಂತಿತು. ಭುಜ ಸಡಿಲವಾಯಿತು. ನೀಲಿ ಪಟ್ಟಿಯ ಮೇಲೆ ಕೈ ಬೀಸಿಕೊಂಡು ನಡೆದಳು. ಹೂಂ ಭಾವ ಎದ್ದು ನಿಂತು ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ.

ಮಾರನೇ ದಿನ ಬೆಳಗಾಗುವ ಮೊದಲೇ ಎದ್ದವಳು ಬಚ್ಚಲಮನೆಯ ಬಾಗಿಲಿಂದ ಶುರು ಮಾಡಿದಳು. 'ಒಳಗೆ ಹಾಡಬಾರದು. ಹಾಡಿದರೆ ಪೂರ್ತಿ ಹಾಡಬೇಕು' ಎಂದು ಕೆಂಪಕ್ಷರದಲ್ಲಿ ಬರೆದಳು. ಅತ್ತೆಯ ಕುರ್ಚಿಯ ಬೆನ್ನಿಗೆ, 'ಹಿರಿಯರಿಗೆ ಮೀಸಲು.' ಗಂಡನ ಹತಾರದ ಪೆಟ್ಟಿಗೆಯ ಮೇಲೆ ಬರೀ, 'ಹೂಂ.' ನಾನು ಅಂಗಡಿ ತೆಗೆಯಲು ಬಂದಾಗ ನನ್ನ ಶಟರಿನ ಮೇಲೆ, 'ಇದನ್ನು ಓದಲಾಗುತ್ತಿದ್ದರೆ ಮುಂದಕ್ಕೆ ಹೋಗಿ' ಎಂದಿತ್ತು.

"ಅಕ್ಕಾ, ಏನಿದು?"

"ಪುಕ್ಕಟೆ ಕಣೋ, ಸುಮ್ಮನಿರು!" ಎಂದು ನಗುತ್ತಾ ಮುಂದೆ ಹೋದಳು. ನಗು ನಿಲ್ಲುತ್ತಲೇ ಇರಲಿಲ್ಲ. ನಿದ್ದೆ ಮೂರು ತಾಸು. ಊಟ ನಿಂತುಕೊಂಡೇ. ಮಾತು ಮೊದಲಿನ ಎರಡರಷ್ಟು. ಅತ್ತೆ ಕಿವಿಯ ಮಷೀನು ಕಿತ್ತು ಡಬ್ಬಿಗೆ ಹಾಕಿದರು. "ಈಗ ನಂಗೆ ಬರೀ ಕಿವೀಲೇ ಕೇಳ್ತದೆ," ಎಂದರು.

ಎರಡನೇ ದಿನ ಬೀದಿಯ ಕಂಬಗಳು, ಮೂರನೇ ದಿನ ಗೇಟುಗಳು. ತುದಿಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರರಿದ್ದರು. ಅವರ ಗೇಟಿನ ಮೇಲೆ ಮೊದಲೇ 'ನಾಯಿ ಇದೆ' ಎಂದಿತ್ತು. ಅದರ ಕೆಳಗೆ ಇವಳು, 'ಕಚ್ಚುವುದಿಲ್ಲ. ಯಜಮಾನರ ಬಗ್ಗೆ ಖಾತ್ರಿ ಇಲ್ಲ' ಎಂದು ಸೇರಿಸಿದಳು. ಅಕ್ಷರಗಳಂತೂ ಅಚ್ಚುಕಟ್ಟು. ಹೆಡ್‌ಮಾಸ್ಟರರು ಉರಿದುಬಿದ್ದರು. ಬೀದಿಯವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದವಳು ಬ್ರಷ್ಷಕ್ಕನೇ ಹೌದು, ಆದರೆ ಯಾರೋ ಅವಳ ಬೆನ್ನ ಹಿಂದೆ ನಿಂತು ಕಚಗುಳಿ ಇಡುತ್ತಿದ್ದ ಹಾಗಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಹೂಂ ಭಾವ ಕೆಲಸದಿಂದ ಊಟಕ್ಕೆ ಬಂದ. ಹೆಂಡತಿ ಏಣಿಯ ತುದಿಯಲ್ಲಿ ಒಂಟಿಕಾಲ ಮೇಲೆ ನಿಂತು, ಮಹಡಿ ಮೇಲಿನ ನೀರಿನ ಟ್ಯಾಂಕಿಗೆ ಕೈ ಚಾಚಿದ್ದಳು. ತಲೆಯ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಅವನು ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ.

"ಇಳಿ! ಈಗಲೇ ಇಳಿ! ನೀನು ಬಿದ್ದು ಹೋದ್ರೆ ನಾನು ಯಾರಿಗೆ ಹೂಂ ಅನ್ನಲಿ?"

ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲವೆಂದು ಕಾಣುತ್ತದೆ. ಬ್ರಷ್ಷು ಕೈಜಾರಿ ಬಿತ್ತು. ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅಂದೇ ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು.

ಸೆಟ್ಟಿಂಗ್ ಮೇಡಂ ಎಲ್ಲ ಕೇಳಿ ಗಂಭೀರವಾದರು. ಹೆಡ್‌ಮಾಸ್ಟರರ ಗೇಟಿನ ಸುದ್ದಿ ಬಂದಾಗ ಮಾತ್ರ ಟ್ಯಾಬ್ಲೆಟ್ ಮುಖಕ್ಕೆ ಅಡ್ಡ ಹಿಡಿದುಕೊಂಡರು. "ತಂತಿ ಇರೋ ಜಾಗ ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ," ಎಂದು ವಿವರಿಸಿದರು. "ಕೈಕಾಲಿನ ವ್ಯವಹಾರ ಮೇಲಿನ ಮನೆ. ಮನಸ್ಸಿನ ವ್ಯವಹಾರ ಕೆಳಗಿನ ಮನೆ. ನಾವು ಕೆಳಗಿನ ಮೆಟ್ಟಿಲಿಂದ ಬಿಟ್ಟ ಮಿಡಿತ ಕೆಳಗಿನ ಮನೆಗೂ ಹೋಗಿದೆ. ಒಂದು ಮೆಟ್ಟಿಲು ಮೇಲಕ್ಕೆ ತಗೊಂಡ್ರೆ ಸರಿಹೋಗ್ತದೆ."

ಬ್ರಷ್ಷಕ್ಕ ಕೈ ಕಟ್ಟಿಕೊಂಡಳು. "ಬೇಡ."

"ಯಾಕಮ್ಮ?"

"ಏಳು ವರ್ಷ ಆದ್ಮೇಲೆ ನಕ್ಕಿದೀನಿ. ಅದೂ ನಂದಲ್ಲ ಅಂತೀರಾ? ಕರೆಂಟಿಂದಾ?"

ಅಷ್ಟರಲ್ಲಿ ಡಾಕ್ಟರು ಬಂದರು. ಅವಳನ್ನು ಬಿಟ್ಟು ಗಂಡನನ್ನು ಕೇಳಿದರು. "ಮದುವೆ ಆದಾಗ ಇವರು ಹೀಗೇ ಇದ್ರಾ?"

ಹೂಂ ಭಾವ ಯೋಚಿಸಿದ. ಮರದ ಅಳತೆ ಹೇಳುವಾಗ ಯೋಚಿಸುವಷ್ಟೇ ಯೋಚಿಸಿದ. "ಮುಕ್ಕಾಲು ಪಾಲು," ಎಂದ.

"ಹಾಗಾದ್ರೆ ಮೇಲಿನ ಕಾಲು ಪಾಲು ಇಳಿಸೋಣ," ಎಂದರು ಡಾಕ್ಟರು. ಬ್ರಷ್ಷಕ್ಕ ಗಂಡನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕೈ ಬಿಚ್ಚಿದಳು.

ಮಿಡಿತ ಮೇಲಿನ ಮೆಟ್ಟಿಲಿಗೆ ಬದಲಾದ ಮೇಲೆ ಒಂದು ವಾರ ಅವಳು ಮಂಕಾಗಿದ್ದಳು. ಗೇಟುಗಳ ಮೇಲಿನ ಬಣ್ಣ ಕೆರೆಯುತ್ತಾ ಬೀದಿಯಲ್ಲಿ ಕೂರುತ್ತಿದ್ದಳು. ಹೆಡ್‌ಮಾಸ್ಟರರ ಗೇಟಿಗೆ ಕೊನೆಗೆ ಬಂದಾಗ ಅವರು ಹೊರಗೆ ಬಂದು, "ಇರಲಿ ಬಿಡಮ್ಮ," ಎಂದರು. "ಇದು ಹಾಕಿದ್ಮೇಲೆ ಚಂದಾ ಕೇಳೋಕೆ ಯಾರೂ ಬಂದಿಲ್ಲ."

ಹೊಸ ತೊಂದರೆ ಆಮೇಲೆ ಗೊತ್ತಾಯಿತು. ಮೇಲಿನ ಮೆಟ್ಟಿಲಿಂದ ಕೈ ಪೂರ್ತಿ ನಿಲ್ಲಬೇಕಾದರೆ ಜೋರು ಹೆಚ್ಚಿಸಬೇಕಿತ್ತು. ಹೆಚ್ಚಿಸಿದರೆ ಗೆರೆ ನೇರ ಬರುತ್ತಿತ್ತು, ಆದರೆ ನಾಲಿಗೆ ದಪ್ಪವಾಗಿ, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದಂತೆ ಆಗುತ್ತಿತ್ತು. ಇಳಿಸಿದರೆ ಮಾತು ಸ್ವಚ್ಛ, ಆದರೆ ಬ್ರಷ್ಷಿನ ತುದಿ ನಡುಗುತ್ತಿತ್ತು. ಆರು ವಾರ, ಐದು ಭೇಟಿ. ಮಿಡಿತದ ವೇಗ ತಗ್ಗಿಸಿ ನೋಡಿದರು, ಒಂದೊಂದು ಮಿಡಿತ ಎಷ್ಟು ಹೊತ್ತು ಇರಬೇಕೆಂಬುದನ್ನು ಬದಲಿಸಿ ನೋಡಿದರು. ಎರಡೂ ಒಟ್ಟಿಗೆ ಸಿಗುವ ಜಾಗ ಸಿಗಲೇ ಇಲ್ಲ.

"ಎರಡರಲ್ಲಿ ಒಂದು ಆರಿಸ್ಕೋಬೇಕಾ?" ಎಂದು ಕೇಳಿದಳು. ಅಂದು ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮೇಡಂ ಟ್ಯಾಬ್ಲೆಟ್ ಕೆಳಗಿಟ್ಟರು. "ನೀವು ದಿನಾ ಎಷ್ಟು ಹೊತ್ತು ಬರೀತೀರಿ?"

"ಈಗ ಎರಡು ತಾಸು. ಬಹಳ ಅಂದ್ರೆ ಮೂರು."

"ಮತ್ತೆ ಇಡೀ ದಿನಕ್ಕೆ ಒಂದೇ ಸೆಟ್ಟಿಂಗು ಯಾಕೆ ಬೇಕು? ಎರಡು ಇಟ್ಕೊಡ್ತೀನಿ. ಮನೆಗೆ ಕೊಟ್ಟಿರೋ ರಿಮೋಟಲ್ಲಿ ನೀವೇ ಬದಲಾಯಿಸ್ಕೊಳ್ಳಿ. ನಾನು ಹಾಕಿದ ಮಿತಿ ದಾಟಿ ಅದು ಹೋಗಲ್ಲ, ಹೆದರಬೇಡಿ. ಏಣಿ ಮಾತ್ರ ಹತ್ತಬೇಡಿ, ಯಾವ ಸೆಟ್ಟಿಂಗಲ್ಲೂ."

ಹೀಗೆ ರಿಮೋಟಿನಲ್ಲಿ ಒಂದನೆಯದು ಕೈಯದು, ಎರಡನೆಯದು ಬಾಯಿಯದು. ಮನೆ ಅದಕ್ಕೆ ಹೊಂದಿಕೊಂಡಿತು. ಅವಳು ಬರೆಯಲು ಕೂತಾಗ ಅತ್ತೆ ಮಷೀನು ತೆಗೆದಿಟ್ಟು, "ಬ್ಯಾಟರಿ ಉಳಿಯುತ್ತೆ," ಎನ್ನುತ್ತಿದ್ದರು. ಬರೆದು ಮುಗಿಸಿ ಎರಡು ಒತ್ತಿದ ಕೂಡಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಸೊಸೆ ಬರೆಯುವಾಗ ಒಳಗೆ ಕಟ್ಟಿಟ್ಟುಕೊಂಡ ಮಾತೆಲ್ಲ ಆಗ ಒಂದೇ ಸಮ ಹೊರಗೆ ಬರುತ್ತಿತ್ತು. ಒಮ್ಮೆ ಮರೆತು ಬಾಯಿಯ ಸೆಟ್ಟಿಂಗಿನಲ್ಲೇ ಒಂದು ಔಷಧಿ ಅಂಗಡಿಯ ಬೋರ್ಡು ಬರೆದುಬಿಟ್ಟಳು. ಅಂಚೆಲ್ಲ ಅಲೆ ಅಲೆ. ಅಂಗಡಿಯವನು, "ಹೊಸ ಥರದ ಅಕ್ಷರ, ಚೆನ್ನಾಗಿದೆ," ಎಂದ. ಅವಳು ಒಪ್ಪಲಿಲ್ಲ. ಅಳಿಸಿ ಮತ್ತೆ ಬರೆದಳು.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾಗಿಲ ಹೊಸ್ತಿಲ ಬಳಿ ಕಾಲು ಇನ್ನೂ ನೆಲಕ್ಕೆ ಅಂಟುತ್ತದೆ. ಅಂಥ ಹೊತ್ತಿನಲ್ಲಿ ಅವಳು ತನ್ನ ಕಾಲಿಗೆ ತಾನೇ, "ಹೋಗಮ್ಮ ತಾಯಿ," ಎಂದು ಹೇಳಿ ಕಾಯುತ್ತಾಳೆ. ಮಾತ್ರೆ ಅರ್ಧಕ್ಕಿಳಿದಿದೆ, ನಿಂತಿಲ್ಲ. ಮೊದಲು ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಬೋರ್ಡಿಗೆ ಈಗ ಎರಡು ದಿನ. ಸ್ಟೂಲಿನ ಮೇಲೆ ಕೂತು ಕೈಗೆಟುಕುವ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಾಳೆ.

ಕಳೆದ ವಾರ ಒಂದು ಹಾಲಿನ ವ್ಯಾನು ಬಂದು ನಿಂತಿತು. ಎರಡೂ ಬದಿಗೆ 'ಶುದ್ಧ ಹಾಲು' ಎಂದು ಬರೆಯಬೇಕಿತ್ತು. ಬ್ರಷ್ಷಕ್ಕ ರಿಮೋಟಿನಲ್ಲಿ ಒಂದು ಒತ್ತಿ, ಕೈ ನೆಲೆಗೊಳ್ಳುವವರೆಗೆ ಕಾದು, 'ಶು' ಬರೆದಳು. ಅಷ್ಟರಲ್ಲಿ ವ್ಯಾನಿನ ಯಜಮಾನ ಜೇಬಿನಿಂದ ಅಚ್ಚಾದ ಚೀಟಿ ತೆಗೆದ. ಅದರಲ್ಲಿ 'ಶುದ್ದ' ಎಂದಿತ್ತು.

"ಅಕ್ಕ, ಇದರಲ್ಲಿರೋ ಹಾಗೇ ಬರೀರಿ."

ಅವಳು ತಲೆಯಲ್ಲಾಡಿಸಿದಳು. "ತಪ್ಪು. ಅದು ಮಹಾಪ್ರಾಣ. ದ್ಧ." ದಪ್ಪ ನಾಲಿಗೆಯಲ್ಲಿ ಅದು 'ದ್ದ' ಎಂದೇ ಕೇಳಿಸಿತು.

"ನಾನೂ ಅದನ್ನೇ ಹೇಳ್ತಿರೋದು. ದ್ದ."

"ಅಲ್ಲ, ದ್ಧ!"

"ಹೂಂ ಅಕ್ಕ, ಅದೇ, ದ್ದ!"

ಮೂರು ಸಲ ಹೀಗಾಯಿತು. ಬ್ರಷ್ಷಕ್ಕ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿಟ್ಟಳು. ಸೊಂಟದ ಚೀಲದಿಂದ ರಿಮೋಟು ತೆಗೆದು ಎರಡು ಒತ್ತಿದಳು. ಒಂದು ಬೆರಳೆತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿ ಕೂತಳು. ಇದೇನು ನಡೆಯುತ್ತಿದೆಯೆಂದು ತಿಳಿಯದ ಯಜಮಾನ ನನ್ನ ಮುಖ ನೋಡಿದ. "ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ," ಎಂದೆ ನಾನು.

"ಧ!" ಎಂದಳು ಬ್ರಷ್ಷಕ್ಕ. ವ್ಯಾನಿನ ತಗಡು ಗುಂಯ್ಗುಟ್ಟಿತು. "ಧೈರ್ಯದ ಧ! ಧೂಳಿನ ಧ! ಹೊಟ್ಟೆ ಸೀಳಿರೋ ಧ! ಅಕ್ಷರವೇ ಶುದ್ಧ ಇಲ್ಲದ ವ್ಯಾನಲ್ಲಿ ಹಾಲು ಶುದ್ಧ ಇದೆ ಅಂತ ಯಾರಪ್ಪ ನಂಬ್ತಾರೆ? ನಿಮ್ಮ ಚೀಟಿ ಅಚ್ಚು ಮಾಡಿದವನು ಎಲ್ಲಿ? ಕರ್ಕೊಂಡು ಬನ್ನಿ ಇಲ್ಲಿಗೆ!"

ಅಲ್ಲಿಂದ ಹತ್ತು ನಿಮಿಷ ಬಿಡಲಿಲ್ಲ. ಒಳಗಿಂದ ಅತ್ತೆ ಮಷೀನು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ನಿಂತರು. ಯಜಮಾನ ಮೊದಲು ವಾದಿಸಿದ, ಆಮೇಲೆ ಕೇಳಿಸಿಕೊಂಡ, ಕೊನೆಗೆ ಚೀಟಿ ಮಡಚಿ ಜೇಬಿಗಿಟ್ಟ. "ಹೊಟ್ಟೆ ಸೀಳೇ ಬಿಡಿ ಅಕ್ಕ."

ಅವಳು ಮತ್ತೆ ಒಂದು ಒತ್ತಿದಳು. ಬಲಗೈಯನ್ನು ಕೋಲಿನ ಮೇಲಿಟ್ಟು ಅದು ನಿಲ್ಲುವುದನ್ನು ನೋಡುತ್ತಾ ಕೂತಳು. ಆಮೇಲೆ ಬ್ರಷ್ಷು ಒರೆಸಿಕೊಂಡು 'ದ' ಬರೆದಳು, ಅದರ ಕೆಳಗೆ ಒತ್ತು ಬರೆದಳು, ಒತ್ತಿನ ಹೊಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದಳು. ಊಟದ ಹೊತ್ತಿಗೆ ಎರಡು ಪದವೂ ಮುಗಿದವು. ಯಜಮಾನ ಬೀದಿಯ ಆಚೆಬದಿಗೆ ಹೋಗಿ ನಿಂತು ನೋಡಿ ತಲೆದೂಗಿದ. ಆಮೇಲೆ ಕೇಳಿದ.

"ಇನ್ನೊಂದು ಬದಿ ಅಕ್ಕ?"

"ನಾಳೆ," ಎಂದಳು ಬ್ರಷ್ಷಕ್ಕ. ನಾಲಿಗೆ ದಪ್ಪವಾಗಿದ್ದರೂ ಅದು ಅವನಿಗೆ ಸರಿಯಾಗಿಯೇ ಕೇಳಿಸಿತು. ಊಟಕ್ಕೆ ಬಂದಿದ್ದ ಹೂಂ ಭಾವ ಸ್ಟೂಲು ಎತ್ತಿಕೊಂಡು ಒಳಗೆ ಹೋದ.